ನಮ್ಮೂರಿನ ಮಂದ ಮಕ್ಕಳ ಗಣತಿ

ಶಿವನು ಮನುಷ್ಯನಿಗೆ ನಾಲಿಗೆಯನ್ನು ಕೊಟ್ಟು ಅದರ ಮೇಲೆ ಅಕ್ಷರವನ್ನು ಕುಳ್ಳಿರಿಸಿದ. ಆ ಅಕ್ಷರ ಯಾರ ನಾಲಿಗೆಯ ಮೇಲೆ ಎಷ್ಟು ಕುಳಿತಿದೆ ಎಂದು ಅಳೆದು ತರಲು ಸರ್ಕಾರವು ಒಬ್ಬ ತರುಣನನ್ನು ಲಿಂಗಸುಗೂರಿನಿಂದ ಬಸ್ಸು ಹತ್ತಿಸಿ ಕಳುಹಿಸಿತು. ಮೊದಲನೆಯ ಕಾರ್ಯವನ್ನು ಕುರಿತು ಮಾತನಾಡುವ ಯೋಗ್ಯತೆ ನನಗಿಲ್ಲ. ಎರಡನೆಯದನ್ನು ಕಣ್ಣಾರೆ ಕಂಡಿದ್ದೇನೆ.

ಮಸ್ಕಿಯಿಂದ ಪಾಮನಕಲ್ಲೂರಿನ ಕಡೆಗೆ ಹೋಗುವ ದಾರಿಯಲ್ಲಿದ್ದ ಊರೊಂದರ ಪ್ರಾಥಮಿಕ ಶಾಲೆಗೆ ಆಗ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಸಹೋಪಾಧ್ಯಾಯನೂ ನಾನೇ. ಒಂದರಿಂದ ನಾಲ್ಕರವರೆಗೆ ತರಗತಿಗಳು, ಒಂದೇ ಕೋಣೆ. ಆ ಕಾಲಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರು, ತುರ್ವಿಹಾಳದ ಕಡೆಯ ಹೊಲಗಳನ್ನೆಲ್ಲ ಗದ್ದೆಗಳನ್ನಾಗಿ ಮಾಡಿತ್ತು. ನಮ್ಮ ಊರಿನ ನೆಲ ಎತ್ತರದ್ದು; ಅದು ಜೋಳ ಸಜ್ಜೆಗಳಲ್ಲಿಯೇ ಉಳಿಯಿತು. ಊರಿನಲ್ಲಿ ಕುರಿ ಸಾಕುವವರ ಮನೆಗಳೇ ಹೆಚ್ಚು. ಕಾಲುವೆ ಬಂದ ಮೇಲೆ ಅವರ ವರ್ಷದ ನಡೆಯೇ ಬದಲಾಯಿತು. ಭತ್ತದ ಕೊಯ್ಲು ಮುಗಿಯುತ್ತಲೇ ಅತ್ತಕಡೆಯ ಗದ್ದೆಯ ಒಡೆಯರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿರೆಂದು ಹೇಳಿ ಕಳುಹಿಸುವರು. ಗಂಡಸರು, ಹೆಂಗಸರು, ನಡೆಯಬಲ್ಲ ಮಕ್ಕಳು ಎಲ್ಲರೂ ಹಿಂಡಿನ ಹಿಂದೆ ಹೊರಟುಬಿಡುವರು. ಆ ಮನೆಗಳಲ್ಲಿ ಮುದುಕಿಯರು ಮತ್ತು ಮೊಲೆ ಬಿಟ್ಟ ಪುಟ್ಟ ಕೂಸುಗಳು ಮಾತ್ರ ಉಳಿಯುವರು. ನನ್ನ ಶಾಲೆಯ ಅರ್ಧಕ್ಕೂ ಹೆಚ್ಚು ಮಕ್ಕಳು ಹೀಗೆ ಹೋಗಿ ಹೀಗೆ ಬರುವವರು. ಅವರು ಮರಳಿದ ಮೇಲೆ ಮುಂಜಾನೆಯ ಲಿಂಗಪೂಜೆ ಮುಗಿಸಿಕೊಂಡು, ಘಂಟೆ ಬಾರಿಸುವ ಮೊದಲೇ ಶಾಲೆಯ ಕಟ್ಟೆಯ ಮೇಲೆ ಕುಳ್ಳಿರಿಸಿಕೊಂಡು ತಪ್ಪಿದ ಪಾಠಗಳನ್ನು ಹೇಳಿ ಮುಗಿಸುತ್ತಿದ್ದೆ. ಅದರಿಂದ ಅವರಿಗಾಗಲಿ ನನಗಾಗಲಿ ಯಾವ ತೊಂದರೆಯೂ ಆಗಿರಲಿಲ್ಲ.

ಊರಿಗೆ ಬೇಕಾಗಿದ್ದುದು ಒಂದೇ: ಐದನೆಯ ತರಗತಿ. ಅದರಲ್ಲಿಯೂ ಒಂದು ಮನೆಗೆ ಅದು ಬಹಳ ಬೇಕಾಗಿತ್ತು. ಕುರಿಗಾರನೊಬ್ಬನ ಮಗಳು ಆ ವರ್ಷ ನಾಲ್ಕನೆಯ ತರಗತಿಯಲ್ಲಿದ್ದಳು. ನನ್ನ ಗುರುಗಳು ಮಠದಲ್ಲಿ ನನಗೆ ಸಂಸ್ಕೃತವನ್ನು ಹೇಳಿಕೊಟ್ಟ ಕ್ರಮದಲ್ಲಿಯೇ ನಾನು ಕನ್ನಡವನ್ನು ಹೇಳಿಕೊಡುತ್ತಿದ್ದೆ: ಮೊದಲು ಕಿವಿ, ಆಮೇಲೆ ನಾಲಿಗೆ, ಕಡೆಗೆ ಕಣ್ಣು. ಈ ಕ್ರಮಕ್ಕೆ ಹೇಳಿಮಾಡಿಸಿದ ಮಗು ಅದು. ಒಮ್ಮೆ ಕೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಂಡವಳಲ್ಲ. ಅವಳ ತಂದೆಯ ಮಾತು ಮಾತ್ರ ಖಚಿತವಾಗಿತ್ತು.

"ಊರಾಗ ಐದನೆತ್ತ ಬಂದ್ರ ಓದ್ಲಿ ಅಯ್ನೋರ, ನಾ ಬ್ಯಾಡ ಅನ್ನಂಗಿಲ್ಲ. ಇನ್ನಾ ಸಣ್ಣ ಕೂಸು, ಊರ ಬಿಟ್ಟು ಮಾತ್ರ ಕಳಸಂಗಿಲ್ಲ. ಇಲ್ಲಿ ಬರಲಿಲ್ಲಂದ್ರ ಕುರಿ ಕಾಯ್ತಾಳ, ಆಮ್ಯಾಲೆ ಮದಿವಿ."

ಇದರಲ್ಲಿ ಅವನ ತಪ್ಪೇನನ್ನೂ ನಾನು ಕಾಣಲಿಲ್ಲ. ಐದನೆಯ ತರಗತಿಗಾಗಿ ಮೇಲಕ್ಕೆ ಬರೆದೆ, ಮತ್ತೆ ಬರೆದೆ. ಉತ್ತರಕ್ಕೆ ಬದಲಾಗಿ ಆ ತರುಣ ಬಂದ.

ಅವನು ಮೈಸೂರಿನ ಕಡೆಯವನು. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕಾಗದಗಳ ಕಟ್ಟು. ವಿದ್ಯಾರ್ಥಿಗಳ ಸಾಧನೆಯ ಗಣತಿಯೊಂದನ್ನು ಸರ್ಕಾರ ಹಮ್ಮಿಕೊಂಡಿದೆ, ಪ್ರತಿಯೊಂದು ಮಗುವನ್ನೂ ಉತ್ತಮ, ಸಾಮಾನ್ಯ, ಮಂದ ಎಂದು ವಿಂಗಡಿಸಬೇಕಾಗಿದೆ, ಅದರ ಆಧಾರದ ಮೇಲೆ ಐದನೆಯ ತರಗತಿಗಳನ್ನು ಹಂಚಲಾಗುವುದು ಎಂದು ಹೇಳಿದ. ದವಸದ ಅಂಗಡಿಯವರು ಜೋಳವನ್ನು ಹೀಗೆ ವಿಂಗಡಿಸುವುದನ್ನು ನೋಡಿದ್ದೆ. ಅವರಾದರೂ ವಿಂಗಡಿಸುವ ಮೊದಲು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾರೆ.

"ಅರ್ಧಕ್ಕೂ ಹೆಚ್ಚು ಮಕ್ಕಳು ಊರಲ್ಲಿಲ್ಲ. ಹಿಂಡಿನ ಜೊತೆ ಹೋಗಿವೆ. ಅವು ಮರಳಿದ ಮೇಲೆ ಬನ್ನಿ," ಎಂದೆ.

"ಆಗೋಲ್ಲ ಸಾರ್, ಈ ವಾರದಲ್ಲೇ ತಾಲೂಕು ಮುಗೀಬೇಕು. ಇಲ್ಲದೋರ ಬಗ್ಗೆ ಮನೇಲಿ ಪೋಷಕರನ್ನ ಕೇಳಿ ತುಂಬಬಹುದು ಅಂತ ನಿಯಮ ಇದೆ. ಪ್ರಶ್ನೇನೂ ಮೇಲಿಂದಲೇ ಕೊಟ್ಟಿದ್ದಾರೆ."

"ನಾನು ಜೊತೆಗೆ ಬರುತ್ತೇನೆ."

"ಬೇಡಿ ಸಾರ್. ಉಪಾಧ್ಯಾಯರು ಇದ್ರೆ ಪಕ್ಷಪಾತ ಆಗತ್ತೆ."

ಮಗುವಿಗೆ ಅಕ್ಷರ ಕಲಿಸಿದವನು ಆ ಮಗುವಿನ ಪಕ್ಷಪಾತಿ. ಮಗುವಿನ ಮುಖವನ್ನೇ ನೋಡದವನು ನಿಷ್ಪಕ್ಷಪಾತಿ. ಈ ನ್ಯಾಯಶಾಸ್ತ್ರವನ್ನು ನಾನು ಯಾವ ಗುರುವಿನ ಬಳಿಯೂ ಓದಿರಲಿಲ್ಲ. ಆದ್ದರಿಂದ ಗುಡಿಗೆ ಹೋಗಿ ಕುಳಿತೆ. ತರುಣನು ಶಾಲೆಯಲ್ಲಿದ್ದ ಮಕ್ಕಳಿಂದ ಒಂದಿಷ್ಟು ಓದಿಸಿ, ಬಿಸಿಲು ಏರುವಷ್ಟರಲ್ಲಿ ಮನೆಮನೆಯ ಕಟ್ಟೆಗಳನ್ನೂ ಸುತ್ತಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಹೋಗುವಾಗ ನನ್ನನ್ನು ಕಂಡು ಬಹಳ ಮರುಕದಿಂದ, "ನಿಮ್ಮ ಕಷ್ಟ ಅರ್ಥವಾಗತ್ತೆ ಸಾರ್," ಎಂದ. ಏನು ಅರ್ಥವಾಯಿತೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಗಣತಿಯ ಕರಡನ್ನು ಲಿಂಗಸುಗೂರಿನ ತಾಲೂಕು ಕಚೇರಿಯ ಗೋಡೆಗೆ ಅಂಟಿಸಿ, ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಿದ್ದರು. ಬಸ್ಸಿನಲ್ಲಿ ಹೋಗಿ ನಿಂತು ಓದಿದೆ. ನಮ್ಮ ಊರಿನ ಎದುರಿಗೆ ಮಂದ, ಮಂದ, ಮಂದ ಎಂದು ಹಾಳೆಯುದ್ದಕ್ಕೂ ಇಳಿದಿತ್ತು. ಆ ಹುಡುಗಿಯ ಹೆಸರಿನ ಮುಂದೆ 'ಮಂದ' ಎಂದಷ್ಟೇ ಅಲ್ಲ, ಷರಾದಲ್ಲಿ 'ವಂಶಪಾರಂಪರ್ಯ' ಎಂದೂ ಬರೆದಿತ್ತು. ಕೆಳಗೆ ಒಂದು ಟಿಪ್ಪಣಿ: ಮಂದ ಮಕ್ಕಳು ಅರ್ಧಕ್ಕಿಂತ ಹೆಚ್ಚಿರುವ ಶಾಲೆಗಳಿಗೆ ಐದನೆಯ ತರಗತಿಯನ್ನು ಮಂಜೂರು ಮಾಡತಕ್ಕದ್ದಲ್ಲ.

ಸಂಸ್ಕೃತದಲ್ಲಿ ಮಂದ ಎಂಬುದು ಕೆಟ್ಟ ಶಬ್ದವೇನಲ್ಲ. ಮೆಲ್ಲನೆ ಬೀಸುವ ಗಾಳಿಗೂ, ತುಟಿಯಲ್ಲಿಯೇ ನಿಲ್ಲುವ ನಗೆಗೂ ಅದನ್ನು ಹಚ್ಚುತ್ತಾರೆ. ಅಂಥ ಶಬ್ದವನ್ನು ಸೀಲು ಮಾಡಿಕೊಂಡು ಮಕ್ಕಳ ಹಣೆಗೆ ಒತ್ತುತ್ತ ಹೋದ ಕೈಯನ್ನು ನೆನೆದು ನನಗೆ ಹೇಸಿಗೆಯಾಯಿತು. ಒಳಗೆ ಹೋಗಿ ಗುಮಾಸ್ತನನ್ನು ಕಂಡೆ. ಅವನು ಲಿಂಗಸುಗೂರಿನವನೇ, ನಿಜಾಮರ ಕಾಲದಿಂದಲೂ ಅದೇ ಕುರ್ಚಿಯಲ್ಲಿದ್ದವನು. ಅಭಿಪ್ರಾಯ ಸಲ್ಲಿಸಬೇಕಾಗಿದೆ ಎಂದೆ.

"ನೀವು ಸಲ್ಲಸಂಗಿಲ್ರೀ ಸ್ವಾಮೇರ."

"ಏಕೆ? ಸಾರ್ವಜನಿಕರು ಸಲ್ಲಿಸಬಹುದು ಎಂದು ಗೋಡೆಯ ಮೇಲಿದೆ."

"ಹೌದ್ರೀ, ಆದ್ರ ನೀವು ಸರ್ಕಾರಿ ಮುಲಾಜಿಮ್, ನೌಕರರು ಅದೀರಲ್ಲ. ನೀವು ಪಬ್ಲಿಕ್ ಹೆಂಗ್ ಆಗ್ತೀರಿ? ನಾನೂ ಪಬ್ಲಿಕ್ ಅಲ್ಲ. ಇಲ್ಲಿ ಚಪರಾಸೀನೂ ಪಬ್ಲಿಕ್ ಅಲ್ಲ. ಪಬ್ಲಿಕ್ ಅಂದ್ರ ಹೊರಗ ನಿಂತಾರಲ್ಲ, ಅವರು." ಅವನು ಕಿಟಕಿಯಾಚೆ ಕೈ ತೋರಿಸಿದ. ಅಲ್ಲಿ ಒಂದು ಎಮ್ಮೆ ನಿಂತಿತ್ತು. ಅವನೂ ನೋಡಿದ, ನಾನೂ ನೋಡಿದೆ. "ಮಂದಿ ಊಟಕ್ಕ ಹೋಗ್ಯಾರ್ರೀ," ಎಂದ.

ಅಭಿಪ್ರಾಯವನ್ನು ಪೋಷಕರೇ ಬಂದು ಹೇಳಬೇಕು, ಮೇಲಿನ ಅಧಿಕಾರಿಗಳು ಬರುವ ದಿನ ಪ್ರವಾಸಿ ಮಂದಿರದಲ್ಲಿ ವಿಚಾರಣೆ ಇದೆ, ಉಪಾಧ್ಯಾಯನು ಪೋಷಕರನ್ನು ಕರೆತರುವುದಕ್ಕೆ ಅಡ್ಡಿಯಿಲ್ಲ ಎಂದು ಅವನಿಂದಲೇ ತಿಳಿಯಿತು.

ಊರಿಗೆ ಬಂದವನೇ ಹುಡುಗಿಯ ಅಜ್ಜಿಯ ಬಳಿ ಹೋದೆ. ತಂದೆ, ಮಗಳು ಇಬ್ಬರೂ ಇನ್ನೂ ತುರ್ವಿಹಾಳದ ಗದ್ದೆಗಳಲ್ಲಿದ್ದರು. ಮುದುಕಿ ಕಟ್ಟೆಯ ಮೇಲೆ ಕುಳಿತು ಉಣ್ಣೆ ಹಿಂಜುತ್ತಿದ್ದಳು. ಗಣತಿಯವನು ಬಂದ ದಿನ ಏನೇನು ಕೇಳಿದ, ಅವಳು ಏನೇನು ಹೇಳಿದಳು ಎಂದು ವಿಚಾರಿಸಿದೆ.

"ಅಯ್ಯ, ಆ ಪ್ಯಾಂಟಿನ ಹುಡುಗೇನ್ರೀ ಅಯ್ನೋರ? ಭಾಳ ಛಲೋ ಹುಡುಗ. 'ಅಜ್ಜೀ, ನಿಮ್ಮ ಮೊಮ್ಮಗಳು ಎಲ್ಲಿದ್ದಾಳೆ' ಅಂತ ಕೇಳ್ದ. ಮಂದ್ಯಾಗ ಅದಾಳಪಾ ಅಂದೆ. ಬರಕೊಂಡ. 'ಯಾವಾಗಿಂದ' ಅಂದ. ಸುಗ್ಗಿ ಆದಾಗಿಂದ ಅಂದೆ. ಅದಕ್ಕ ಅವ, 'ಅದಕ್ಕೂ ಮೊದಲು ಇರಲಿಲ್ವಾ' ಅಂದ. ಯಾಕಿಲ್ಲಪಾ, ವರ್ಷಾ ಹಿಂಗ, ಅವರಪ್ಪಾ ಹಂಗ ಬೆಳದಾನ, ಅವರ ಮುತ್ಯಾನೂ ಹಂಗ ಬೆಳದಾನ, ನಮ್ಮ ಮನಿತನದಾಗ ಎಲ್ಲಾರೂ ಮಂದ್ಯಾಗ ಬೆಳದಾವ್ರಪಾ ಅಂದೆ. ಆ ಹುಡುಗನ ಕಣ್ಣಾಗ ನೀರ ಬಂದಂಗಾತ್ರಿ. ಇವಂಗೂ ಕುರಿ ಅಂದ್ರ ಜೀವ ಇರಬೇಕು ಅನ್ಕೊಂಡು ಮಜ್ಜಿಗಿ ಕೊಟ್ಟು ಕಳಿಸಿನಿ."

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಮ್ಮ ಕಡೆ ಕುರಿಗಳ ಮಂದೆಯನ್ನು ಮಂದಿ ಎನ್ನುತ್ತಾರೆ. ಮಂದ್ಯಾಗ ಅದಾಳ ಎಂದರೆ ಮಂದೆಯಲ್ಲಿದ್ದಾಳೆ, ಹಿಂಡಿನ ಜೊತೆಗಿದ್ದಾಳೆ. ಕಾಗದದ ಮೇಲೆ ಅಚ್ಚಾಗಿದ್ದ ಪ್ರಶ್ನೆ, 'ವಿದ್ಯಾರ್ಥಿಯು ಸಾಧನೆಯಲ್ಲಿ ಎಲ್ಲಿದ್ದಾನೆ?' ಆ ಮಹಾಶಯನು ಮುದುಕಿಗೆ ತಿಳಿಯಲೆಂದು ಅದನ್ನು ಸುಲಭ ಮಾಡಿ, ಎಲ್ಲಿದ್ದಾಳೆ ಎಂದು ಕೇಳಿದ್ದಾನೆ. ಎಲ್ಲಿ ಎಂದು ಕೇಳಿದವನಿಗೆ ಅವಳು ಎಲ್ಲಿ ಎಂಬುದನ್ನು ಹೇಳಿದ್ದಾಳೆ. ಅವನ ಕಿವಿಗೆ ಅದು 'ಮಂದ ಆಗಿದ್ದಾಳೆ' ಎಂದು ಬಿದ್ದಿದೆ. ಸಪ್ತಮೀ ವಿಭಕ್ತಿಯನ್ನು ಗುರುತಿಸಲಾರದ ಕಿವಿಯೊಂದು ನಾಡಿನ ಮಕ್ಕಳ ಬುದ್ಧಿಯನ್ನು ಅಳೆಯಲು ಹೊರಟಿತ್ತು. ಇತರ ಮನೆಗಳಲ್ಲಿಯೂ ಕೇಳಿದೆ. ಎಲ್ಲ ಮುದುಕಿಯರೂ ಅದೇ ಉತ್ತರವನ್ನು ಕೊಟ್ಟಿದ್ದರು. ಎಲ್ಲರೂ ಮಜ್ಜಿಗೆಯನ್ನು ಕೊಟ್ಟಿದ್ದರು.

ವಿಚಾರಣೆಗಾಗಿ ನಾನು ಒಂದು ಬಿನ್ನಹವನ್ನು ಸಿದ್ಧಪಡಿಸಿದೆ. ಮಂದ, ಮಂದೆ, ಮಂದಿ ಈ ಮೂರು ಶಬ್ದಗಳ ವ್ಯುತ್ಪತ್ತಿ, ಉತ್ತರದ ಕನ್ನಡದಲ್ಲಿ ಸಪ್ತಮಿಯ ಪ್ರತ್ಯಯ, ಪ್ರಶ್ನಾರ್ಥಕಗಳಲ್ಲಿ 'ಎಲ್ಲಿ' ಮತ್ತು 'ಹೇಗೆ' ಇವುಗಳ ಭೇದ, ಎಲ್ಲವನ್ನೂ ಕ್ರಮವಾಗಿ ಬರೆದೆ. ಮುದುಕಿಯೇ ಅದನ್ನು ತನ್ನ ಹೆಸರಿನಲ್ಲಿ ಕೊಡುವುದೆಂದು ಮಾತಾಗಿತ್ತು; ಐದನೆಯ ತರಗತಿಗಾಗಿ ಎಂದಷ್ಟೇ ಅವಳಿಗೆ ಹೇಳಿದ್ದೆ, ಗಣತಿಯವನು ಏನು ಬರೆದಿದ್ದನೆಂದು ಹೇಳಲು ಬಾಯಿ ಬಂದಿರಲಿಲ್ಲ.

ವಿಚಾರಣೆಯ ದಿನ ಅಧಿಕಾರಿ ಜೀಪಿನಲ್ಲಿ ಬಂದರು. ಮೇಜು, ಮೇಜಿನ ಮೇಲೆ ಹಸಿರು ಬಟ್ಟೆ, ಪಕ್ಕದಲ್ಲಿ ಗಣತಿಯ ತರುಣ, ಹಿಂದೆ ಆ ಗುಮಾಸ್ತ. ಸುತ್ತಲಿನ ಹಳ್ಳಿಗಳಿಂದ ಬಂದ ಜನ ಗೋಡೆಯುದ್ದಕ್ಕೂ ಕುಳಿತಿದ್ದರು. ನಮಗಿಂತ ಮೊದಲು ಒಬ್ಬ ರೈತನನ್ನು ಕರೆದರು. ಅವನು ತನ್ನ ಮಗನಿಗೆ ಓದು ಬರುತ್ತದೆ ಎಂದು ಹೇಳಿದ. ಅಧಿಕಾರಿ ಅವನ ಅರ್ಜಿಯನ್ನು ತಿರುಗಿಸಿಯೂ ನೋಡದೆ ಮೂಲೆಯ ಬುಟ್ಟಿಗೆ ಇಳಿಸಿ, "ಅಭಿಪ್ರಾಯ ಸ್ವೀಕರಿಸಲಾಗಿದೆ," ಎಂದರು. ಎರಡನೆಯವನಿಗೂ ಹಾಗೆಯೇ. ಆ ಬುಟ್ಟಿಯನ್ನು ನೋಡುತ್ತಿದ್ದಂತೆ ನನ್ನ ವ್ಯುತ್ಪತ್ತಿಯ ಹಾಳೆಗಳು ಕೈಯಲ್ಲಿ ಹಗುರಾದವು. ಶಬ್ದಶಾಸ್ತ್ರವನ್ನು ಕಸದ ಬುಟ್ಟಿಗೆ ನೈವೇದ್ಯ ಮಾಡುವ ಪಾಪ ನನಗೆ ಬೇಡವೆನಿಸಿತು. ಹಾಳೆಗಳನ್ನು ಜೋಳಿಗೆಯಲ್ಲಿಟ್ಟುಕೊಂಡೆ.

ನಮ್ಮ ಸರದಿ ಬಂತು. ನಾನು ಕೈಮುಗಿದು, "ಈ ತಾಯಿಯದು ಬರಹದ ಅಭಿಪ್ರಾಯವಲ್ಲ. ಗಣತಿಯ ದಿನ ಕೇಳಿದ ಪ್ರಶ್ನೆಯನ್ನು ತಾವು ಇನ್ನೊಮ್ಮೆ ಕೇಳಿಸಬೇಕು. ಅದೇ ಪ್ರಶ್ನೆ, ಅದೇ ಮನುಷ್ಯ. ಅವರು ಉತ್ತರವನ್ನು ಬರೆದುಕೊಂಡು ಎಲ್ಲರಿಗೂ ಓದಿ ಹೇಳಲಿ," ಎಂದೆ.

ಅಧಿಕಾರಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ತರುಣನಿಗೆ ಸಂತೋಷವೇ ಆಯಿತು. ಲೇಖನಿಯನ್ನು ಬಿಚ್ಚಿ, ಪರಿಚಯದ ನಗೆಯೊಡನೆ ಮುದುಕಿಯ ಕಡೆ ಬಾಗಿ, "ಅಜ್ಜೀ, ಮೊಮ್ಮಗಳು ಎಲ್ಲಿದ್ದಾಳೆ?" ಎಂದ.

"ಇನ್ನಾ ಮಂದ್ಯಾಗ ಅದಾಳಪಾ."

ತರುಣ ಬರೆದ. ತಲೆಯೆತ್ತಿ ಅಧಿಕಾರಿಯ ಕಡೆ ತಿರುಗಿ, "ನೋಡಿ ಸಾರ್, ಅವರ ಬಾಯಿಂದಲೇ ಬಂತು. 'ಇನ್ನೂ ಮಂದ ಆಗಿದ್ದಾಳೆ.' ಏನೂ ಸುಧಾರಣೆ ಇಲ್ಲ," ಎಂದು ಗಟ್ಟಿಯಾಗಿ ಓದಿದ.

ಹಿಂದಿನಿಂದ ಗುಮಾಸ್ತನ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲವೆಂದು ಗೊತ್ತಾಗುವಷ್ಟರಲ್ಲಿ ಗೋಡೆಯುದ್ದದ ಜನವೆಲ್ಲ ಹೊಟ್ಟೆ ಹಿಡಿದುಕೊಂಡಿದ್ದರು. "ಸಾಹೇಬ್ರ, ಮಂದಿ ಅಂದ್ರ ಕುರಿ ಹಿಂಡ್ರೀ! ಹುಡುಗಿ ಕುರಿ ಹಿಂಡಿನ್ಯಾಗ ಅದಾಳಂತ!" ಎಂದು ಗುಮಾಸ್ತ ಕಣ್ಣೊರೆಸಿಕೊಂಡ.

ಮುದುಕಿ ನನ್ನ ಕಡೆ ನೋಡಿ, "ಏನ್ ಬರದಾನ್ರೀ ಅಯ್ನೋರ?" ಎಂದಳು. ಹೇಳಿದೆ. ಅವಳು ನಿಧಾನವಾಗಿ ಎದ್ದು ನಿಂತಳು.

"ದಡ್ಡಿ ಅಂತ ಬರದಿ? ನನ್ನ ಮೊಮ್ಮಗಳ್ನ? ಲೇ ತಮ್ಮಾ, ನಮ್ಮ ಕಟ್ಟಿ ಮ್ಯಾಲ ಕುಂತು, ನಮ್ಮ ಮಜ್ಜಿಗಿ ಕುಡುದು, ಅವರಪ್ಪ ದಡ್ಡ, ಅವರ ಮುತ್ಯಾ ದಡ್ಡ ಅಂತ ಬರಕೊಂಡು ಹೋಗಿಯೇನು? ಕುರಿಗೆ ಎಷ್ಟು ಕಾಲು ಅದಾವು, ಗೊತ್ತೈತೇನು ನಿನಗ? ಅದನ್ನರ ಯಾರನ್ನರ ಕೇಳಿ ಬರಕೋ, ಹೋಗು."

ತರುಣ ಕೆಂಪಾಗಿ ಕಾಗದವನ್ನು ನೋಡುತ್ತ ನಿಂತ. ಅಧಿಕಾರಿ ಮೇಜು ಕುಟ್ಟಿ ಸದ್ದಡಗಿಸಿದರು. ಅವರ ಮುಖದಲ್ಲಿ ನಾಚಿಕೆಯನ್ನು ಹುಡುಕಿದೆ. ಕಂಡದ್ದು ಕಿರಿಕಿರಿ ಮಾತ್ರ.

"ಸರಿ, ತಮಾಷೆ ಆಯ್ತು," ಎಂದರು. "ಆದರೆ ಮೇಷ್ಟ್ರೇ, ಮೊತ್ತ ಬೆಂಗಳೂರಿಗೆ ಹೋಗಿ ಆಗಿದೆ. ಅದರ ಮೇಲೆ ತರಗತಿಗಳ ಹಂಚಿಕೇನೂ ಆಗಿದೆ. ನಾವು ಕರೆದಿರೋದು ಅಭಿಪ್ರಾಯ, ತಿದ್ದುಪಡಿ ಅಲ್ಲ."

"ಹಾಗಾದರೆ ತಪ್ಪೆಂದು ತಿಳಿದ ಮೇಲೂ ಅದು ನಿಲ್ಲುತ್ತದೆಯೇ?"

"ತಪ್ಪು ಅನ್ನೋದು ನಿಮ್ಮ ಅಭಿಪ್ರಾಯ. ಅದನ್ನ ಸ್ವೀಕರಿಸಿದ್ದೀವಲ್ಲ?" ಜನರ ಕಡೆ ಒಮ್ಮೆ ಕಣ್ಣು ಹಾಯಿಸಿ, ಉದಾರಿಯಂತೆ ನುಡಿದರು. "ಬೇಕಾದರೆ ಈ ಅಜ್ಜಿಯ ಮೊಮ್ಮಗಳದೊಂದನ್ನ ಉತ್ತಮ ಅಂತ ಮಾಡಿಸಿಕೊಡ್ತೀನಿ. ಒಂದು ಹೆಸರಿಂದ ಮೊತ್ತ ಏನೂ ಕೆಡೋಲ್ಲ. ಉಳಿದ ಮಂದ ಮಕ್ಕಳನ್ನ ನಾಲ್ಕರಲ್ಲೇ ಇಟ್ಕೊಂಡು ವಿಶೇಷ ಪಾಠ ಹೇಳಿ. ಎಷ್ಟು ವರ್ಷ ಬೇಕಾದ್ರೂ ಇಟ್ಕೊಳ್ಳಿ. ಅಂಥವರ ಬಗ್ಗೆ ಯಾರೂ ಕೇಳೋಲ್ಲ."

ಈ ಮಾತಿನ ಕಡೆಯ ಭಾಗವನ್ನು ಅವರು ತಿರಸ್ಕಾರದಿಂದಲೇ ಆಡಿದ್ದು. ನನ್ನ ಕಿವಿಗೆ ಅದು ಬೇರೆಯಾಗಿ ಬಿತ್ತು.

"ವಿಶೇಷ ಪಾಠಕ್ಕೆ ಇಂಥದೇ ಪುಸ್ತಕವೆಂಬ ನಿಯಮವಿದೆಯೇ?" ಎಂದು ಕೇಳಿದೆ.

"ನಿಮಗೆ ತೋಚಿದ್ದು ಹೇಳಿ ಸ್ವಾಮಿ. ಅವರಿಗೆ ಏನು ಹೇಳಿದರೇನು?"

"ಇಷ್ಟನ್ನು ತಾವು ಬರಹದಲ್ಲಿ ಕೊಟ್ಟರೆ ಉಪಕಾರ."

ನಮ್ಮನ್ನು ಸಾಗಹಾಕುವ ಆತುರದಲ್ಲಿ ಅವರು ಹೇಳಿ ಬರೆಸಿ ರುಜು ಹಾಕಿದರು. ಒಂದು ಗಳಿಗೆ ಅವಕಾಶ ಬೇಡಿ, ಮುದುಕಿಯನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಬಂದೆ. ಸಂಗತಿಯನ್ನು ಬಿಡಿಸಿ ಹೇಳಿದೆ. ಹುಡುಗಿ ಉತ್ತಮಳೆಂದು ಬರೆಸಿದರೆ ನಾಲ್ಕು ದಾಟಿದವಳಾಗುತ್ತಾಳೆ, ದಾಟಿದವಳು ನನ್ನ ಶಾಲೆಯಲ್ಲಿ ಕೂರುವಂತಿಲ್ಲ, ಊರಿನಲ್ಲಿ ಐದಿಲ್ಲ, ಅಲ್ಲಿಗೆ ಓದು ಮುಗಿಯಿತು. ಮಂದಳೆಂದೇ ಬಿಟ್ಟರೆ ನಾಲ್ಕರಲ್ಲಿಯೇ ಉಳಿಯುತ್ತಾಳೆ. ಹೆಸರಿಗೆ ನಾಲ್ಕು, ನಾನು ಹೇಳುವುದು ಐದು, ಆರು, ಏಳು. ಕಡೆಗೆ ಮಸ್ಕಿಯಲ್ಲಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಹೊರಗಿನ ಅಭ್ಯರ್ಥಿಯಾಗಿ ಕೂರಿಸುತ್ತೇನೆ.

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿ ಕೇಳಿದಳು.

"ಅಂದ್ರ, ನನ್ನ ಮೊಮ್ಮಗಳು ಶಾಣ್ಯಾ ಆಗಬೇಕಂದ್ರ ಸರ್ಕಾರದಾಗ ದಡ್ಡಿ ಅಂತ ಇರಬೇಕು?"

"ಹೌದು ತಾಯಿ."

"ಈಗ ಶಾಣ್ಯಾ ಅಂತ ಬರಸಿದ್ರ ದಡ್ಡಿ ಆಗ್ತಾಳ?"

"ಹೌದು."

"ಇಂಥಾ ಮಂದೀಗೆ ಪಗಾರ ಯಾರ ಕೊಡ್ತಾರ್ರೀ ಅಯ್ನೋರ?"

ಅವಳು ಸೆರಗನ್ನು ಕೊಡವಿ, ನನ್ನನ್ನು ಕಾಯದೆ ಒಳಗೆ ನಡೆದು, ಅಧಿಕಾರಿಯ ಮುಂದೆ ನಿಂತು ಹೇಳಿದಳು. "ಸಾಹೇಬ್ರ, ನಮ್ಮ ಹುಡುಗೀದು ತಿದ್ದಬ್ಯಾಡ್ರಿ. ಹಂಗ ಇರ್ಲಿ. ನೀವು ಬರದದ್ದು ನಿಮ್ಮ ಹತ್ರ ಇರ್ಲಿ."

"ನೋಡಿದ್ರಾ?" ಎಂದರು ಅಧಿಕಾರಿ ತರುಣನಿಗೆ. "ಜನಕ್ಕೆ ಏನು ಬೇಕು ಅನ್ನೋದು ಜನಕ್ಕೇ ಗೊತ್ತಿರೋಲ್ಲ." ನಮ್ಮ ಹೆಸರಿನ ಮುಂದೆ, 'ಅಭಿಪ್ರಾಯ ಸ್ವೀಕರಿಸಿದೆ, ಪೋಷಕರು ತೃಪ್ತರು' ಎಂದು ಬರೆಸಿದರು.

ಮುಂದಿನ ವಾರ ಸಿಂಧನೂರಿಗೆ ಹೋಗಿ ಐದನೆಯ ತರಗತಿಯ ಪುಸ್ತಕಗಳನ್ನು ಕೊಂಡು, ಅಲ್ಲಿಂದ ತುರ್ವಿಹಾಳಕ್ಕೆ ಬಸ್ಸು ಹಿಡಿದೆ. ಕೊಯ್ದ ಗದ್ದೆಯ ಕೂಳೆಗಳ ನಡುವೆ ಹಿಂಡು ಮಲಗಿತ್ತು. ತಂದೆ ನಾನು ಹೇಳಿದ್ದನ್ನೆಲ್ಲ ಕೇಳಿ, ಕಂಬಳಿಯನ್ನು ಹೆಗಲು ಬದಲಿಸಿಕೊಂಡು, "ಊರಾಗ ಇರ್ತಾಳಲ್ಲ? ಹಂಗಾದ್ರ ಓದ್ಲಿ ಬಿಡ್ರಿ. ಕುರಿ ಏನ್ ಅಕೀನ ಎಷ್ಟನೆತ್ತ ಅಂತ ಕೇಳ್ತಾವೇನು?" ಎಂದ. ಹುಡುಗಿ ಮಾತ್ರ ಸುಲಭವಾಗಿ ಒಪ್ಪಲಿಲ್ಲ. ಒಡ್ಡಿನ ಮೇಲೆ ಕುಳಿತು ಹುಬ್ಬು ಗಂಟಿಕ್ಕಿದ್ದಳು.

"ನಾ ದಡ್ಡಿ ಅಲ್ರೀ."

"ನನಗೆ ಗೊತ್ತು."

"ಎಷ್ಟ್ ವರ್ಷ ದಡ್ಡಿ ಆಗಿರಬೇಕ್ರೀ?"

"ಮೂರು."

ಅವಳು ಯೋಚಿಸಿದಳು. "ಪುಸ್ತಕ ಹೊಸಾವ ಅದಾವೇನ್ರೀ, ಮತ್ತ ನಾಕನೆತ್ತದ್ದ ಓದಬೇಕೇನ್ರೀ?"

ಜೋಳಿಗೆಯಿಂದ ಪುಸ್ತಕಗಳನ್ನು ತೆಗೆದು ಕೊಟ್ಟೆ. ಅವಳು ಒಂದನ್ನು ತೆರೆದು ಹಾಳೆಗಳ ವಾಸನೆಯನ್ನು ನೋಡಿ, ನಾನು ಬಸ್ಸಿಗೆ ಹೊರಡುವವರೆಗೂ ತಲೆಯೆತ್ತಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಮ್ಮ ನಾಲ್ಕನೆಯ ತರಗತಿ ಒಂದು ವಿಚಿತ್ರವಾದ ತರಗತಿಯಾಗಿತ್ತು. ಕುರಿಗಾರರ ಮಕ್ಕಳಲ್ಲಿ ಆಸೆಪಟ್ಟವರೆಲ್ಲ ಅದರಲ್ಲಿ ಉಳಿದುಕೊಂಡರು. ಬೀಜಗಣಿತವೂ, ಛಂದಸ್ಸಿನ ಮೊದಲ ಪಾಠವೂ, ಇಂಗ್ಲಿಷಿನ ಅಕ್ಷರಗಳೂ ಅಲ್ಲಿಯೇ ನಡೆದವು. ಇಂಗ್ಲಿಷು ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ಮಸ್ಕಿಯ ಹೈಸ್ಕೂಲಿನ ಉಪಾಧ್ಯಾಯರೊಬ್ಬರಲ್ಲಿ ಭಾನುವಾರ ಕಲಿತು ಸೋಮವಾರ ಕಲಿಸುತ್ತಿದ್ದೆ. ತನಿಖೆಯವರು ಬಂದಾಗ ರುಜು ಹಾಕಿದ ಆ ಕಾಗದವನ್ನು ತೋರಿಸುವುದು. ಅವರು, "ಓ, ಮಂದ ಮಕ್ಕಳಾ," ಎಂದು ಮೂಗು ಮುರಿದು, ಅವರಿಂದ ಒಂದು ಸಾಲನ್ನೂ ಓದಿಸದೆ ಚಹಾ ಕುಡಿದು ಹೋಗುವರು. ಅವರ ಆ ಅಸಡ್ಡೆಯೇ ನಮಗೆ ಬೇಲಿಯಾಗಿತ್ತು.

ಈ ನಡುವೆ ಗಣತಿಯ ಅಂತಿಮ ವರದಿಯೂ ಅಚ್ಚಾಗಿ ಬಂತು. ಸಾರ್ವಜನಿಕರ ಅಭಿಪ್ರಾಯಗಳನ್ನು ಆಳವಾಗಿ ಪರಿಶೀಲಿಸಿ ಸೂಕ್ತ ಮಾರ್ಪಾಡು ಮಾಡಲಾಗಿದೆ ಎಂದು ಮುನ್ನುಡಿಯಲ್ಲಿತ್ತು. ಮಾರ್ಪಾಡನ್ನು ಹುಡುಕಿದೆ. 'ಮಂದ' ಎಂಬ ತಲೆಬರಹವನ್ನು ಕಿತ್ತು 'ನಿಧಾನ' ಎಂದು ಹಾಕಿದ್ದರು. ಕೆಳಗಿನ ಹೆಸರುಗಳು ಹಾಗೆಯೇ ಇದ್ದವು. ಮೂರನೆಯ ವರ್ಷ ನನಗೊಂದು ಜ್ಞಾಪನಪತ್ರವೂ ಬಂತು: ವಿಶೇಷ ಪಾಠದ ಹೊರತಾಗಿಯೂ ನಿಮ್ಮ ಶಾಲೆಯ ನಿಧಾನ ವಿದ್ಯಾರ್ಥಿಗಳು ನಾಲ್ಕನೆಯ ತರಗತಿಯನ್ನು ದಾಟದಿರಲು ಕಾರಣವೇನೆಂದು ಸಮಜಾಯಿಷಿ ನೀಡತ್ಕಕದ್ದು. 'ತಕ್ಕದ್ದು' ಎಂಬುದನ್ನು ಹಾಗೆಯೇ ತಪ್ಪಾಗಿ ಬೆರಳಚ್ಚು ಮಾಡಿದ್ದರು. ಆ ಶಬ್ದವನ್ನು ಕೆಂಪು ಮಸಿಯಲ್ಲಿ ತಿದ್ದಿ, ಬೇರೇನನ್ನೂ ಬರೆಯದೆ ಪತ್ರವನ್ನು ಹಿಂದಿರುಗಿಸಿದೆ.

ಆ ವರ್ಷ ಹುಡುಗಿ ಮಸ್ಕಿಗೆ ಹೋಗಿ ಏಳನೆಯ ತರಗತಿಯ ಪರೀಕ್ಷೆ ಬರೆದಳು. ಶಿವನು ಕೈಬಿಡಲಿಲ್ಲ; ತೇರ್ಗಡೆಯಾದಳು. ಮುಂದಿನದು ಹೈಸ್ಕೂಲು. ತಂದೆ ಮತ್ತೆ ಊರು ಬಿಡುವ ಮಾತನ್ನೆತ್ತಿದ. ಮುದುಕಿ ತನ್ನ ಗಂಟನ್ನು ಕಟ್ಟಿ ಹೊಸಿಲ ಬಳಿ ಇಟ್ಟು, "ನಾ ಅಕಿ ಜೋಡಿ ಮಸ್ಕ್ಯಾಗ ಇರ್ತೀನಿ. ನಿನ್ನ ರೊಟ್ಟಿ ನೀ ಬಡಕೋ," ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಹೈಸ್ಕೂಲಿನ ಮುಖ್ಯೋಪಾಧ್ಯಾಯರು ನನಗೆ ಹೊಸಬರು. ನನ್ನ ಶಾಲೆಯ ವರ್ಗಾವಣೆ ಪತ್ರವನ್ನೂ ಪರೀಕ್ಷೆಯ ಪತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕನ್ನಡಕವನ್ನು ತೆಗೆದರು.

"ಇದೇನ್ರೀ ಸ್ವಾಮಿಗಳೇ, ಒಂದರಾಗ ನಾಲ್ಕನೆತ್ತ ಅಂತೈತಿ, ಇನ್ನೊಂದರಾಗ ಏಳನೆತ್ತ ಪಾಸ್ ಅಂತೈತಿ. ಮ್ಯಾಲ ನಿಧಾನ ವಿದ್ಯಾರ್ಥಿ ಅಂತ ಬ್ಯಾರೆ ಷರಾ. ಯಾವುದನ್ನ ನಂಬ್ಲಿ?"

"ಎರಡನ್ನೂ ನಂಬಬೇಡಿ," ಎಂದೆ. "ಗಣತಿ ಮಾಡಿದವರು ಅಜ್ಜಿಯನ್ನು ಕೇಳಿದರು. ವಿಚಾರಣೆ ಮಾಡಿದವರೂ ಅಜ್ಜಿಯನ್ನೇ ಕೇಳಿದರು. ತನಿಖೆಗೆ ಬಂದವರು ಯಾರನ್ನೂ ಕೇಳಲಿಲ್ಲ. ಹುಡುಗಿ ಇಲ್ಲಿಯೇ ನಿಂತಿದ್ದಾಳೆ."

ಅವರು ಎರಡೂ ಪತ್ರಗಳನ್ನು ಬದಿಗೆ ಸರಿಸಿ, ಕುರ್ಚಿಯನ್ನು ಅವಳ ಕಡೆ ತಿರುಗಿಸಿ ಕುಳಿತರು.

"ಓದಾಕ ಬರ್ತೈತೇನವ್ವಾ ನಿನಗ?"

ಅವಳು ಮೇಜಿನ ಮೇಲಿದ್ದ ಪುಸ್ತಕಗಳನ್ನೆಲ್ಲ ಒಂದು ಸಲ ಕಣ್ಣಿನಲ್ಲೇ ಆರಿಸಿ ನೋಡಿ ಕೇಳಿದಳು:

"ಯಾವುದನ್ನ ಓದ್ಲಿರೀ?"